ಒದ್ದೆ ಒಂದು ಕಡೆ, ಸೋರಿಕೆ ಇನ್ನೊಂದು ಕಡೆ

ನಮಸ್ಕಾರ. ಇವತ್ತು ಡೀಸೆಲ್ ಲೀಕೇಜ್ ಬಗ್ಗೆ ಮಾತಾಡಬೇಕು. ನಾನು ಇರುವುದು ಬೆಂಗಳೂರಿನ ಯಲಹಂಕದಲ್ಲಿ. ಶನಿವಾರ ಭಾನುವಾರ ಬಂದರೆ ದೊಡ್ಡಬಳ್ಳಾಪುರದ ಕಡೆ ನಮ್ಮ ದ್ರಾಕ್ಷಿ ತೋಟ. ಅಲ್ಲಿ ಒಂದು ಸಣ್ಣ ಟ್ರ್ಯಾಕ್ಟರ್ ಇದೆ. ಮೂರು ಸಿಲಿಂಡರ್, ಚಪ್ಪರದ ಕೆಳಗೆ ನುಗ್ಗುವಂಥದ್ದು. ಕೆಲವು ವಾರ ಹೋದಾಗಲೆಲ್ಲ ಶೆಡ್ಡಿನ ನೆಲದಲ್ಲಿ ಅಂಗೈ ಅಗಲದ ಒದ್ದೆ ಕಲೆ. ಬಾಗಿಲು ತೆಗೆದರೆ ಡೀಸೆಲ್ ವಾಸನೆ.

ನಿಂತ ಗಾಡಿಯಲ್ಲಿ ಎಷ್ಟು ಹುಡುಕಿದರೂ ಎಲ್ಲೂ ತೊಟ್ಟಿಕ್ಕುತ್ತಿರಲಿಲ್ಲ. ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟರೂ ಇಲ್ಲ. ರೋಟಾವೇಟರ್ ಹಾಕಿ ಅರ್ಧ ಗಂಟೆ ಉತ್ತು ಬಂದರೆ ಮಾತ್ರ ಇಂಜೆಕ್ಷನ್ ಪಂಪಿನ, ಅಂದರೆ ಡೀಸೆಲನ್ನು ಒತ್ತಡದಲ್ಲಿ ತಳ್ಳುವ ಪಂಪಿನ ಅಡಿ ಪೂರ್ತಿ ಒದ್ದೆ. ಮೆಕ್ಯಾನಿಕ್ ಬಂದು ನೋಡಿದರು. "ಪಂಪ್ ಸೀಲ್ ಹೋಗಿದೆ, ಬಿಚ್ಚಿ ಸರ್ವೀಸಿಗೆ ಕಳಿಸಬೇಕು" ಅಂದರು. ಒದ್ದೆ ಇದ್ದದ್ದು ಅಲ್ಲೇ ತಾನೇ, ನಾನೂ ನಂಬಿದೆ. ಜೆ.ಸಿ. ರಸ್ತೆಗೆ ಹೋಗಿ ಸೀಲ್ ಕಿಟ್ ರೇಟ್ ಕೂಡ ಕೇಳಿ ಬಂದೆ.

ಆದರೆ ಡೀಸೆಲ್ ಸ್ವಭಾವ ಹಾಗಲ್ಲ. ಅದು ನೀರಿನ ಹಾಗೆ ಬೇಗ ಆರುವುದಿಲ್ಲ. ಪೈಪಿನ ಮೈ ಹಿಡಿದು, ಬೋಲ್ಟಿನ ತಲೆ ಬಳಸಿ ಇಳಿದು, ಎಲ್ಲೋ ಒಂದು ಮೂಲೆ ಸಿಕ್ಕಲ್ಲಿ ತೊಟ್ಟಾಗುತ್ತದೆ. ಮೇಲೆ ಧೂಳು ಕೂತರೆ ಇಡೀ ಇಂಜಿನ್ ಒಂದೇ ಕಪ್ಪು. ಅಂಥ ಇಂಜಿನ್ ನೋಡಿ ಲೀಕ್ ಇಲ್ಲೇ ಅಂತ ಯಾರು ಹೇಳಿದರೂ ಅದು ಬರೀ ಊಹೆ.

ಮುಂದಿನ ಭಾನುವಾರ ಪಾನಾ ಮುಟ್ಟಲೇ ಇಲ್ಲ. ಇಂಜಿನ್ ತಣ್ಣಗಿದ್ದಾಗ ಸೋಪಿನ ನೀರು, ಬ್ರಷ್ ಹಿಡಿದು ತೊಳೆದೆ. ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಬಿಟ್ಟೆ. ಆಮೇಲೆ ಮುಖಕ್ಕೆ ಹಾಕುವ ಪೌಡರನ್ನು ಫಿಲ್ಟರ್, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪ್, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಮೇಲೆಲ್ಲ ತೆಳ್ಳಗೆ ಉದುರಿಸಿದೆ. ಅರ್ಧ ಗಂಟೆ ಉತ್ತು ಬಂದು, ಆಫ್ ಮಾಡಿ, ಟಾರ್ಚ್ ಹಿಡಿದು ನೋಡಿದೆ. ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಅಲ್ಲ. ಫ್ಯಾನ್ ಗಾಳಿಗೆ ಅರ್ಧ ಪೌಡರ್ ಹಾರಿಹೋಗಿತ್ತು, ಆದರೂ ಸಾಕಾಯಿತು.

ಎರಡನೇ ಇಂಜೆಕ್ಟರ್ ತಲೆಯ ಹತ್ತಿರ ಪೌಡರ್ ನೆನೆದು ಬೂದು ಬಣ್ಣಕ್ಕೆ ತಿರುಗಿತ್ತು. ಅಲ್ಲಿಂದ ಬೆರಳಗಲದ ಗೆರೆಯೊಂದು ಇಳಿದು ಪಂಪಿನ ಕಡೆ ಹೋಗಿತ್ತು. ಆ ಜಾಗದಲ್ಲಿರುವುದು ರಿಟರ್ನ್ ಪೈಪು. ಇಂಜೆಕ್ಟರಿನ ಸೂಜಿ ಪಕ್ಕದಿಂದ ಜಾರುವ ಚೂರುಪಾರು ಡೀಸೆಲ್ ಇದರಲ್ಲಿ ವಾಪಸ್ ಹೋಗುತ್ತದೆ. ಸಣ್ಣ ರಬ್ಬರ್ ಪೈಪು, ನೋಡಲು ಚೆನ್ನಾಗೇ ಇತ್ತು. ಬೆರಳಲ್ಲಿ ಸ್ವಲ್ಪ ಬಗ್ಗಿಸಿದೆ. ಕೂದಲೆಳೆಯಂಥ ಬಿರುಕು ಬಾಯಿ ಬಿಟ್ಟಿತು. ಒಳಗಿಂದ ಸಾಸಿವೆ ಕಾಳಿನಷ್ಟು ಡೀಸೆಲ್ ಬಂದು ಟಾರ್ಚ್ ಬೆಳಕಿಗೆ ಹೊಳೆಯಿತು. ಇಂಜಿನ್ ಓಡಿದರೆ ಮಾತ್ರ ಈ ಪೈಪಿನಲ್ಲಿ ಡೀಸೆಲ್ ಹರಿಯುತ್ತದೆ. ಬಿಸಿಯಾಗಿ ಅದುರಿದರೆ ಬಿರುಕು ತೆರೆಯುತ್ತದೆ. ನಿಂತ ಗಾಡಿಯಲ್ಲಿ ಸಿಗದೇ ಇದ್ದದ್ದು ಇದಕ್ಕೇ. ಹೊಸ ಪೈಪ್ ತಂದು ಮೂರೂ ತುಂಡು ಬದಲಾಯಿಸಿದೆ. ಪಂಪ್ ಬಿಚ್ಚುವ ಮಾತೇ ಬರಲಿಲ್ಲ.

ಮೆಕ್ಯಾನಿಕ್ ಮೇಲೆ ನನಗೆ ಕೋಪ ಇಲ್ಲ. ತಪ್ಪು ನಮ್ಮದೂ ಇದೆ. ಬಿಚ್ಚಿ ಜೋಡಿಸಿದರೆ ದುಡ್ಡು ಕೊಡುತ್ತೇವೆ, ಕೂತು ಹುಡುಕಿದರೆ ಕೊಡುವುದಿಲ್ಲ. ಅವರು ಯಾಕೆ ಹುಡುಕಬೇಕು, ಹೇಳಿ? ತೊಳೆದು, ಓಡಿಸಿ, ಕಾದು ನೋಡುವ ಆ ಎರಡು ಗಂಟೆಗೂ ಕೂಲಿ ಕೊಡಿ. ನಾನು ಇನ್ನು ಮುಂದೆ ಕೊಡುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ಕೈ ಮುಗಿದು ಕೇಳುತ್ತೇನೆ. ಪಂಪಿನಿಂದ ಇಂಜೆಕ್ಟರಿಗೆ ಹೋಗುವ ಉಕ್ಕಿನ ಪೈಪು ಇದೆಯಲ್ಲ, ಇಂಜಿನ್ ಓಡುವಾಗ ಅಲ್ಲಿ ಬೆರಳಿಟ್ಟು ಲೀಕ್ ಹುಡುಕಬೇಡಿ. ಅಲ್ಲಿನ ಒತ್ತಡ 200 ಬಾರ್ ಅಥವಾ ಅದಕ್ಕೂ ಹೆಚ್ಚು. ಕಾರಿನ ಟೈರಿನ ಗಾಳಿಗಿಂತ ಕಡಿಮೆ ಅಂದರೂ ಸುಮಾರು 90 ಪಟ್ಟು ಜಾಸ್ತಿ. ಕಣ್ಣಿಗೆ ಕಾಣದ ಧಾರೆ ಚರ್ಮದೊಳಗೆ ನುಗ್ಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ, ಒಳಗೆ ಮಾಂಸ ಸಾಯುತ್ತಿರುತ್ತದೆ. ಕೈ ಬದಲು ಒಂದು ರಟ್ಟು ಹಿಡಿಯಿರಿ. ಅಕಸ್ಮಾತ್ ಹಾಗಾದರೆ ನೋವಿಲ್ಲ ಅಂತ ಸುಮ್ನೆ ಕೂರಬೇಡಿ, ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ.

ಇನ್ನು ನೆಲ ಒಣಗಿದೆ, ಆದರೂ ಟ್ಯಾಂಕ್ ಬೇಗ ಖಾಲಿಯಾಗುತ್ತಿದೆ ಅಂದರೆ ಇಂಜಿನ್ ಆಯಿಲ್ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಆಯಿಲ್ ಮಟ್ಟ ಏರಿದೆ, ಡೀಸೆಲ್ ವಾಸನೆ ಬರುತ್ತಿದೆ ಅಂದರೆ ಸೋರಿಕೆ ಇಂಜಿನ್ ಒಳಗೇ ಇದೆ. ತೆಳುವಾದ ಆಯಿಲ್ ಬೇರಿಂಗನ್ನು ಕಾಯುವುದಿಲ್ಲ. ಅಂಥ ಕಡೆ ಪಂಪ್ ಬಿಚ್ಚಿ ನೋಡಲೇಬೇಕು. ಅಲ್ಲಿಯವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ.