ಶ್ವಾಸಕೋಶ ಸುಧಾರಿಸಿತು, ಕಾಲು ಯಾಕೆ ಏಳುತ್ತಿಲ್ಲ?

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಜೋರಾಗಿದೆ, ಹಿಂದೆ ಕೂತವರಿಗೆ ಕೇಳಿಸದಿದ್ದರೆ ಕೈ ಎತ್ತಿ. ತೀರ್ಥಹಳ್ಳಿಯವರೇ ಜಾಸ್ತಿ ಇದ್ದೀರಿ, ಹೊಸನಗರ, ರಿಪ್ಪನ್‌ಪೇಟೆ ಕಡೆಯವರೂ ಇದ್ದೀರಿ, ಆಶಾ ಕಾರ್ಯಕರ್ತೆಯರೂ ಬಂದಿದ್ದೀರಿ. ನಾನು ಫಿಸಿಯೋಥೆರಪಿಸ್ಟ್. ಹಾಗಾಗಿ ಲಸಿಕೆ, ಮಾಸ್ಕ್ ವಿಷಯಕ್ಕೆ ಹೋಗುವುದಿಲ್ಲ. ಕೊರೊನಾ ಜೋರಾಗಿ ಐಸಿಯು ಸೇರಿ, ಬದುಕಿ ಬಂದವರ ಕೈಕಾಲಿನ ಬಗ್ಗೆ ಮಾತ್ರ ಮಾತಾಡುತ್ತೇನೆ.

2020, 2021ರಲ್ಲಿ ಮನೆಮಂದಿಯ ಕಣ್ಣೆಲ್ಲ ಒಂದೇ ನಂಬರಿನ ಮೇಲಿತ್ತು. ಆಕ್ಸಿಜನ್ ಎಷ್ಟು? 92 ಆಯ್ತಾ, 95 ಆಯ್ತಾ? ಸರಿ, ನಂಬರ್ ಬಂತು, ಬಾಯಿಂದ ಟ್ಯೂಬ್ ತೆಗೆದರು, ಮನುಷ್ಯ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಾನೆ. ಆದರೆ ನೀರಿನ ಲೋಟ ಬಾಯಿಗೆ ತರಲು ಆಗುವುದಿಲ್ಲ. ಮಗ್ಗುಲು ಬದಲಿಸಲು ಇನ್ನೊಬ್ಬರು ಬೇಕು. ಆಗ ಮನೆಯಲ್ಲಿ ಶುರುವಾಗುತ್ತದೆ: "ಹೆದರಿಬಿಟ್ಟಿದ್ದಾರೆ", "ಮನಸ್ಸು ಮಾಡ್ಬೇಕು ಅಷ್ಟೆ", "ಮಲಗಿ ಮಲಗಿ ಅದೇ ಅಭ್ಯಾಸ ಆಗಿದೆ". ಇವತ್ತು ನಾನು ಬಂದಿರುವುದು ಇದು ತಪ್ಪು ಅಂತ ಹೇಳಲಿಕ್ಕೇ. ಅಲ್ಲಿ ಪೆಟ್ಟು ಬಿದ್ದಿರುವುದು ನರಕ್ಕೆ, ಮಾಂಸಖಂಡಕ್ಕೆ. ಅದೇ ಒಂದು ಕಾಯಿಲೆ, ಐಸಿಯು ತಂದ ದುರ್ಬಲತೆ ಅಂತ ಕರೆಯುತ್ತೇವೆ, ಅದಕ್ಕೆ ಅದರದ್ದೇ ಆರೈಕೆ ಬೇಕು. ಎಷ್ಟೋ ಡಿಸ್ಚಾರ್ಜ್ ಚೀಟಿಗಳಲ್ಲಿ ಅದರ ಹೆಸರೂ ಇರುವುದಿಲ್ಲ.

ಇದು ಕೊರೊನಾ ತಂದ ಹೊಸ ಕಾಯಿಲೆಯೂ ಅಲ್ಲ. 1977ರಲ್ಲೇ, ಉಬ್ಬಸ ವಿಪರೀತವಾಗಿ ವೆಂಟಿಲೇಟರ್ ಮೇಲೆ ಹೋದ ರೋಗಿಯೊಬ್ಬರ ಸ್ನಾಯುಗಳು ಸೋತುಹೋದದ್ದನ್ನು ವೈದ್ಯರು ಬರೆದಿದ್ದಾರೆ. 1984ರಲ್ಲಿ ನರರೋಗ ವೈದ್ಯ ಚಾರ್ಲ್ಸ್ ಬೋಲ್ಟನ್ ಮತ್ತು ಜೊತೆಗಾರರು ಐಸಿಯುನ 5 ರೋಗಿಗಳ ನರಗಳನ್ನು ಪರೀಕ್ಷಿಸಿ ಇದನ್ನು ಬೇರೆಯದೇ ಕಾಯಿಲೆ ಅಂತ ಗುರುತಿಸಿದರು. ಅದು ಲಂಡನ್ ಊರಿನಲ್ಲಿ, ಆದರೆ ಇಂಗ್ಲೆಂಡಿನದ್ದಲ್ಲ, ಕೆನಡಾದಲ್ಲೂ ಒಂದು ಲಂಡನ್ ಇದೆ. ಕೊರೊನಾ ಮಾಡಿದ್ದೇನೆಂದರೆ, ಎಲ್ಲೋ ಒಬ್ಬರಿಗೆ ಕಾಣುತ್ತಿದ್ದದ್ದನ್ನು ಒಟ್ಟಿಗೇ ಸಾಲು ಸಾಲು ಹಾಸಿಗೆಗಳಲ್ಲಿ ತೋರಿಸಿತು, ಯಾಕೆಂದರೆ ಆ ರೋಗಿಗಳು ವೆಂಟಿಲೇಟರ್ ಮೇಲೆ ವಾರಗಟ್ಟಲೆ ಇದ್ದರು.

ಒಳಗೆ ಏನಾಗುತ್ತದೆ? ಮೈಯೆಲ್ಲ ಉರಿಯೂತ ಹರಡಿದಾಗ ನರಕ್ಕೆ ರಕ್ತ ಕೊಡುವ ಸಣ್ಣ ಸಣ್ಣ ನಾಳಗಳೂ ಕೆಡುತ್ತವೆ. ನರ ಸೊರಗುತ್ತದೆ. ಸೊಂಟದಿಂದ ಪಾದದವರೆಗೆ ಹೋಗುವ ನರ ಸುಮಾರು ಒಂದು ಮೀಟರ್ ಉದ್ದ, ಹಾಗಾಗಿ ಮೊದಲು ಸೋಲುವುದು ಪಾದವೇ. ಟ್ರಾನ್ಸ್‌ಫಾರ್ಮರ್‌ನಿಂದ ದೂರ ಇರುವ ತೋಟದ ಒಂಟಿಮನೆಗೆ ವೋಲ್ಟೇಜ್ ಇರಲ್ಲ ಅಲ್ವಾ, ಹಾಗೆ. ಇನ್ನೊಂದು ಕಡೆ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿ ತಿನ್ನುತ್ತದೆ. ಐಸಿಯು ರೋಗಿಗಳ ತೊಡೆಯ ಸ್ನಾಯುವನ್ನು ಅಲ್ಟ್ರಾಸೌಂಡ್‌ನಲ್ಲಿ ಅಳೆದ ಒಂದು ಅಧ್ಯಯನ 2013ರಲ್ಲಿ ಬಂತು. 10 ದಿನದಲ್ಲಿ ಆ ಸ್ನಾಯುವಿನ ಗಾತ್ರ ಹೆಚ್ಚುಕಮ್ಮಿ 18% ಇಳಿದಿತ್ತು. ಹತ್ತೇ ದಿನ! ವಪೆ ಅಂದರೆ ಎದೆ, ಹೊಟ್ಟೆ ನಡುವೆ ಇದ್ದು ಉಸಿರೆಳೆಯುವ ಸ್ನಾಯು, ಅದಕ್ಕೂ ಇದೇ ಗತಿ, ಮಷಿನ್ ಅದರ ಕೆಲಸ ಮಾಡುತ್ತಿದ್ದರೆ ಅದು ಇನ್ನೂ ಬೇಗ ಸಣ್ಣಗಾಗುತ್ತದೆ. ಶ್ವಾಸಕೋಶ ಸುಧಾರಿಸಿದರೂ ಕೆಲವರನ್ನು ವೆಂಟಿಲೇಟರ್‌ನಿಂದ ಬಿಡಿಸಲು ಕಷ್ಟವಾಗುವುದಕ್ಕೆ ಇದೂ ಕಾರಣ.

ಸ್ಟಿರಾಯ್ಡ್ ಕೊಟ್ಟೇ ಹೀಗಾಯ್ತು ಅಂತ ಬೈಯುವವರಿದ್ದಾರೆ. ಸ್ವಲ್ಪ ನಿಲ್ಲಿ. ಬ್ರಿಟನ್ನಿನಲ್ಲಿ ನಡೆದ 'ರಿಕವರಿ' ಎಂಬ ಹೆಸರಿನ ಔಷಧಿ ಪ್ರಯೋಗ 2020ರಲ್ಲಿ ತೋರಿಸಿದ್ದು, ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ, ಕೊಟ್ಟರೆ ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಮೂರನೇ ಒಂದು ಪಾಲು ಕಮ್ಮಿಯಾಗುತ್ತದೆ ಅಂತ. ಜೀವ ಉಳಿಸಿದ ಔಷಧಿ ಅದು. ಹೌದು, ಜಾಸ್ತಿ ಪ್ರಮಾಣದಲ್ಲಿ ಜಾಸ್ತಿ ದಿನ ಹೋದರೆ ಸ್ನಾಯು ಸೊರಗುತ್ತದೆ, ಶುಗರ್ ಏರುತ್ತದೆ, ಏರಿದ ಶುಗರ್ ನರಕ್ಕೆ ಒಳ್ಳೆಯದಲ್ಲ. ಆದರೆ ಎಲ್ಲದಕ್ಕೂ ಅದನ್ನೇ ದೂರುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಬೋರಲು ಮಲಗಿಸಿದ್ದು. ದಿನಕ್ಕೆ 16 ಗಂಟೆಯಷ್ಟು ಹೊತ್ತು ಹೊಟ್ಟೆ ಮೇಲೆ ಮಲಗಿಸುತ್ತಿದ್ದರು, ಆಕ್ಸಿಜನ್ ಏರಲಿ ಅಂತ. ಅದರಿಂದ ಉಳಿದವರು ಬಹಳ. ಆದರೆ ಅಷ್ಟು ಹೊತ್ತು ಭುಜ, ಮೊಣಕೈ, ಮಂಡಿಯ ಹೊರಪಕ್ಕ ಒತ್ತಿದರೆ ಅಲ್ಲಿನ ನರ ಜಖಂ ಆಗಬಹುದು. ಮಂಡಿ ಪಕ್ಕದ ನರ ಹೋದರೆ ಪಾದ ಜೋತು ಬೀಳುತ್ತದೆ. ಇದನ್ನು ಮನೆಯಲ್ಲೇ ಹಿಡಿಯಬಹುದು. ಹವಾಯಿ ಚಪ್ಪಲಿ ಹಾಕಿ ನಾಲ್ಕು ಹೆಜ್ಜೆ ನಡೆಯಲಿ. ಹೆಬ್ಬೆರಳು ಮೇಲೆತ್ತುವ ಶಕ್ತಿ ಇಲ್ಲದಿದ್ದರೆ ಚಪ್ಪಲಿ ಜಾರಿ ಹಿಂದೆ ಉಳಿಯುತ್ತದೆ. ಪಾದದ ಸ್ಪರ್ಶವೂ ಹೋಗಿದ್ದರೆ ಅದು ಬಿದ್ದದ್ದೇ ಅವರಿಗೆ ಗೊತ್ತಾಗುವುದಿಲ್ಲ, ಬರಿಗಾಲಲ್ಲಿ ಮುಂದೆ ಹೋಗುತ್ತಲೇ ಇರುತ್ತಾರೆ. ಒಂದೇ ಕಾಲಲ್ಲಿ ಹೀಗಾದರೆ ನರ ಒತ್ತಿರಬಹುದು, ಎರಡೂ ಕಡೆ ಸಮಸಮ ಇದ್ದರೆ ನಾನು ಮೊದಲು ಹೇಳಿದ ಕಾಯಿಲೆ ಇರಬಹುದು. ಒಂದು ಪಕ್ಕದ ಕೈಕಾಲು ಎರಡೂ, ಬಾಯಿಯೂ ಓರೆಯಾದರೆ ಅದು ಪಾರ್ಶ್ವವಾಯು, ಕಾಯಬೇಡಿ.

ಇನ್ನೊಂದಕ್ಕೂ ಕಾಯಬಾರದು. ಮನೆಗೆ ಬಂದು ಓಡಾಡುತ್ತಿದ್ದವರಿಗೆ ಹೊಸದಾಗಿ ಕಾಲು ಜುಮ್ಮೆಂದು, ಸೋಲು ದಿನದಿನಕ್ಕೆ ಮೇಲಕ್ಕೆ ಏರಿ, ನುಂಗಲು ಕಷ್ಟವಾದರೆ ಅದು ಗಿಲಾನ್ ಬಾರೆ ಎಂಬ ಇನ್ನೊಂದು ನರದ ಕಾಯಿಲೆ ಇರಬಹುದು. ಅವತ್ತೇ ಶಿವಮೊಗ್ಗವೋ ಮಣಿಪಾಲವೋ, ಯಾವುದು ಹತ್ತಿರವೋ ಅಲ್ಲಿಗೆ ಹೊರಡಿ.

ನಾವು ಶಕ್ತಿ ಅಳೆಯುವ ರೀತಿ ಸರಳ. ತೋಳು ಪಕ್ಕಕ್ಕೆ ಎತ್ತಿ, ಮೊಣಕೈ ಮಡಿಸಿ, ಮಣಿಕಟ್ಟು ಮೇಲೆತ್ತಿ. ತೊಡೆ ಎತ್ತಿ, ಮಂಡಿ ನೇರ ಮಾಡಿ, ಪಾದ ಮೇಲಕ್ಕೆಳೆಯಿರಿ. ಎರಡೂ ಪಕ್ಕ ಸೇರಿ 12 ಜಾಗ, ಒಂದೊಂದಕ್ಕೆ 0ಯಿಂದ 5 ಅಂಕ, ಒಟ್ಟು 60. ಕೈ ಮೇಲೇಳುತ್ತದೆ, ಆದರೆ ನನ್ನ ಬೆರಳ ಒತ್ತಡಕ್ಕೇ ಕೆಳಗಿಳಿಯುತ್ತದೆ ಅಂದರೆ 3. ಒಟ್ಟು 48ಕ್ಕಿಂತ ಕಮ್ಮಿ ಬಂದರೆ ಇದು ಐಸಿಯು ತಂದ ದುರ್ಬಲತೆ ಅಂತ ಲೆಕ್ಕ. ಯಂತ್ರ ಬೇಡ, ಆದರೆ ರೋಗಿ ಎಚ್ಚರ ಇರಬೇಕು.

ಆರೈಕೆ ಐಸಿಯುನಲ್ಲೇ ಶುರುವಾಗಬೇಕು. 2009ರ ಒಂದು ಪ್ರಯೋಗದಲ್ಲಿ 104 ವೆಂಟಿಲೇಟರ್ ರೋಗಿಗಳಿದ್ದರು. ಮತ್ತಿನ ಔಷಧಿ ದಿನವೂ ನಿಲ್ಲಿಸಿ, ಆ ಹೊತ್ತಿನಲ್ಲಿ ಬೇಗನೆ ವ್ಯಾಯಾಮ ಶುರು ಮಾಡಿಸಿದವರಲ್ಲಿ 59% ಮಂದಿ ಆಸ್ಪತ್ರೆ ಬಿಡುವಾಗ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಿದ್ದರು. ಬೇಗನೆ ವ್ಯಾಯಾಮ ಮಾಡಿಸದವರಲ್ಲಿ ಅದು 35%. ಹಾಗಾದರೆ ಜಾಸ್ತಿ ಜಾಸ್ತಿ ಮಾಡಿಸೋಣ ಅಂತ 2022ರಲ್ಲಿ 750 ರೋಗಿಗಳ ಮೇಲೆ ನೋಡಿದರು. ಲಾಭ ಕಾಣಲಿಲ್ಲ, ಹೃದಯದ ಬಡಿತ ತಪ್ಪುವಂಥ ತೊಂದರೆಗಳೇ ಹೆಚ್ಚಾದವು. ಬೇಗ ಶುರು ಮಾಡಿ, ದಬ್ಬಬೇಡಿ: ನಾನು ಇದರಿಂದ ತಿಳಿದದ್ದು ಇಷ್ಟು. ಕೊರೊನಾ ಕಾಲದಲ್ಲಿ ಎಷ್ಟೋ ಕಡೆ ಫಿಸಿಯೋದವರನ್ನು ಒಳಗೇ ಬಿಡಲಿಲ್ಲ, ಆ ಬೇಜಾರು ನನಗೆ ಇನ್ನೂ ಇದೆ.

ಮನೆಯಲ್ಲಿ? ನಮ್ಮ ಮಲೆನಾಡಿನ ಮನೆ ಇಂಥವರಿಗೆ ಸುಲಭದ್ದಲ್ಲ. ಎತ್ತರದ ಜಗಲಿ, ಪಾಚಿ ಕಟ್ಟಿದ ಅಂಗಳ, ಕುಕ್ಕುರುಗಾಲಲ್ಲಿ ಕೂರುವ ಪಾಯಿಖಾನೆ. ಮೊದಲು ಒಂದು ಪ್ಲಾಸ್ಟಿಕ್ ಕಮೋಡ್ ಕುರ್ಚಿ ತನ್ನಿ. ಗೋಡೆ ಪಕ್ಕ ಗಟ್ಟಿ ಕುರ್ಚಿ ಇಟ್ಟು ಎದ್ದು ಕೂರುವುದನ್ನು ಮಾಡಿಸಿ, ದಿನಕ್ಕೆ ನಾಲ್ಕೈದು ಸಲ, ಉಬ್ಬಸ ಬಂದರೆ ನಿಲ್ಲಿಸಿ. ಬಚ್ಚಲೊಲೆ ಮುಂದೆ ಕಾಲು ಕಾಯಿಸುವ ಅಭ್ಯಾಸ ಇರುವವರು ಹುಷಾರು, ಜೋಮು ಹಿಡಿದ ಪಾದ ಸುಟ್ಟರೂ ತಿಳಿಯುವುದಿಲ್ಲ. ಹಂಡೆ ನೀರನ್ನು ಬೇರೆಯವರು ಕೈಯಿಟ್ಟು ನೋಡಿ ಕೊಡಿ. ತೋಟಕ್ಕೆ ಹೋಗಿ ಬಂದರೆ ಪಾದ ತಿರುಗಿಸಿ ಗಾಯ ಇದೆಯಾ ನೋಡಿ. ಇಂಬಳ, ಅಂದರೆ ಜಿಗಣೆ, ಹತ್ತಿದ್ದು ತಿಳಿಯುವುದಿಲ್ಲ ಅಂತ ಹೆದರಬೇಡಿ, ಅದು ನಮಗ್ಯಾರಿಗೂ ತಿಳಿಯುವುದಿಲ್ಲ ಬಿಡಿ.

ಮತ್ತೆ ಗಂಜಿ. ತಿಂಗಳುಗಟ್ಟಲೆ ಗಂಜಿ, ಉಪ್ಪಿನಕಾಯಿ ಕೊಟ್ಟರೆ ಸ್ನಾಯು ಎಲ್ಲಿಂದ ಬರಬೇಕು? ಮೊಟ್ಟೆ, ಮೀನು, ತಿನ್ನದವರಿಗೆ ಹೆಸರುಕಾಳು, ಹುರುಳಿ, ಮೊಸರು ಕೊಡಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿ. ಎಣ್ಣೆ ನೀವುವುದರಿಂದ ಹಿತವಾಗುತ್ತದೆ, ಬಲ ಬರುವುದಿಲ್ಲ.

ಎಷ್ಟು ದಿನ ಅಂತ ಎಲ್ಲರೂ ಕೇಳುತ್ತೀರಿ. ಸ್ನಾಯು ಮಾತ್ರ ಸೋತಿದ್ದರೆ ವಾರಗಳು, ತಿಂಗಳುಗಳು. ನರ ಹೋಗಿದ್ದರೆ ಇನ್ನೂ ನಿಧಾನ, ಕೆಲವರಿಗೆ ಸ್ವಲ್ಪ ಉಳಿದೇಬಿಡುತ್ತದೆ. ಕೊರೊನಾಕ್ಕೂ ಮೊದಲು, ಶ್ವಾಸಕೋಶ ಕೆಟ್ಟು ಐಸಿಯು ಸೇರಿದ್ದ 109 ಜನರನ್ನು ಕೆನಡಾದಲ್ಲಿ 5 ವರ್ಷ ನೋಡಿದ್ದರು. ಉಸಿರಾಟದ ಪರೀಕ್ಷೆ ಹೆಚ್ಚುಕಮ್ಮಿ ಸರಿಯಾಗಿತ್ತು, ಆದರೆ 6 ನಿಮಿಷದಲ್ಲಿ ನಡೆಯುವ ದೂರ ಇರಬೇಕಾದ್ದರ 76% ಮಾತ್ರ.

ಅಲ್ಲಿ ಮುಂದೆ ಕೂತ ಅಮ್ಮ ಆಗಲೇ ಕೇಳಿದರು, ಈ ಸಲ ಕೊಯ್ಲಿಗೆ ಮಗ ಮರ ಹತ್ತಬಹುದಾ ಅಂತ. ಅಮ್ಮಾ, ಅಡಿಕೆ ಆರಿಸುವುದನ್ನು ಇವತ್ತಿಂದಲೇ ಮಾಡಲಿ, ಬೆರಳಿಗೆ ಅದೇ ವ್ಯಾಯಾಮ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂರುವುದು ಬೆರಳಿನ ಜೋಮು ಪೂರ್ತಿ ಹೋದ ಮೇಲೆ. ಮರ ಈ ಸಲ ಬೇಡ. ಕುಕ್ಕುರುಗಾಲಲ್ಲಿ ಕೂತು ಕೈ ಊರದೆ ಏಳಲು ಬಂದ ದಿನ ಕರೆದುಕೊಂಡು ಬನ್ನಿ, ನೋಡಿ ಹೇಳುತ್ತೇನೆ.