ಒಂದು ಚೀಲ, ಏಳು ಕೆಜಿ, ಇನ್ಸ್‌ಬ್ರುಕ್

ಕೇಳುಗರಿಗೆ ನಮಸ್ಕಾರ.

ಈಗ ಈ ಮಾತು ಕೇಳುತ್ತಿರುವವರಲ್ಲಿ ಯಾರೋ ಒಬ್ಬರ ಮನೆಯ ಮಂಚದ ಮೇಲೆ ದೊಡ್ಡ ಸೂಟ್‌ಕೇಸೊಂದು ಬಾಯಿ ತೆರೆದುಕೊಂಡು ಬಿದ್ದಿದೆ. ಮಗನೋ ಮಗಳೋ ಜರ್ಮನಿಯಲ್ಲಿದ್ದಾರೆ. ಟಿಕೆಟ್ ಕಳಿಸಿದ್ದಾರೆ. "ಬನ್ನಿ, ಆಲ್ಪ್ಸ್ ತೋರಿಸ್ತೀವಿ" ಅಂದಿದ್ದಾರೆ. ನೀವು ಸ್ವೆಟರು, ಶಾಲು, ಕೊಬ್ಬರಿ ಎಣ್ಣೆ, ಹುಳಿಪುಡಿ ಎಲ್ಲ ಸುತ್ತ ಹರಡಿಕೊಂಡು ಕೂತಿದ್ದೀರಿ. ನಾನು ಮಾತಾಡಲು ಬಂದಿರುವುದು ನಿಮ್ಮ ಜೊತೆಗೇ. ದಯವಿಟ್ಟು ಆ ಸೂಟ್‌ಕೇಸು ಮುಚ್ಚಿ ಅಟ್ಟಕ್ಕೆ ಹಾಕಿ. ನಿಮಗೆ ಬೇಕಾಗಿರುವುದು ಒಂದು ಚೀಲ. ಏಳು ಕೆಜಿ. ಅಷ್ಟೇ.

ಎಂಟು ಹತ್ತು ಜನರ ಸಣ್ಣ ಗುಂಪು ಕಟ್ಟಿಕೊಂಡು ಯೂರೋಪಿಗೆ ಹೋಗಿಬರುವುದು ನನ್ನ ಕೆಲಸ. ಹೋದಲ್ಲೆಲ್ಲ ನನಗೆ ಜಾಸ್ತಿ ಇಷ್ಟವಾದ ಊರು ಆಸ್ಟ್ರಿಯಾದ ಇನ್ಸ್‌ಬ್ರುಕ್. ಇನ್ ಅನ್ನುವುದು ನದಿ, ಬ್ರುಕ್ ಅಂದರೆ ಸೇತುವೆ. ಇನ್ ನದಿಯ ಸೇತುವೆಯ ಊರು. ಟಿರೋಲ್ ಪ್ರಾಂತ್ಯದ ರಾಜಧಾನಿ. ಚಳಿಗಾಲದ ಒಲಿಂಪಿಕ್ಸ್ ಅಲ್ಲಿ ಎರಡು ಸಲ ನಡೆದಿದೆ, 1964ರಲ್ಲಿ ಮತ್ತು 1976ರಲ್ಲಿ. ರಸ್ತೆಯಲ್ಲಿ ನಿಂತು ತಲೆ ಎತ್ತಿದರೆ ಬೀದಿಯ ತುದಿಗೇ ಬೆಟ್ಟ ಎದ್ದಿರುತ್ತದೆ.

ಈಗ ಒಂದು ಲೆಕ್ಕ ಹೇಳುತ್ತೇನೆ, ಕೇಳಿ. ಇನ್ಸ್‌ಬ್ರುಕ್ ಸಮುದ್ರಮಟ್ಟದಿಂದ 574 ಮೀಟರ್ ಎತ್ತರದಲ್ಲಿದೆ. ನಮ್ಮ ಮೈಸೂರು ಅದಕ್ಕಿಂತ ಎತ್ತರದಲ್ಲಿದೆ. ಬೆಂಗಳೂರಂತೂ 900 ಮೀಟರ್ ದಾಟಿದೆ. ಆಲ್ಪ್ಸ್ ಅಂದ ತಕ್ಷಣ ಹಿಮದಲ್ಲೇ ಹೂತುಹೋಗುತ್ತೇವೆ ಅಂತ ನಾವು ಆರು ಸ್ವೆಟರು ತುಂಬುತ್ತೇವಲ್ಲ, ಆ ಊರು ಕಣಿವೆಯಲ್ಲಿರುವುದು! ಜೂನ್, ಜುಲೈ ಮಧ್ಯಾಹ್ನ 30 ಡಿಗ್ರಿ ಆಗುವುದೂ ಉಂಟು. ಸ್ವೆಟರು ಸೊಂಟಕ್ಕೆ ಕಟ್ಟಿಕೊಂಡು ಓಡಾಡುವವರನ್ನು ನೋಡಿದರೆ ನಮ್ಮವರೇ ಇರಬೇಕು ಅಂತ ನನಗೆ ದೂರದಿಂದಲೇ ಗೊತ್ತಾಗುತ್ತದೆ.

ಹಾಗಂತ ಚಳಿ ಇಲ್ಲವೇ ಇಲ್ಲ ಅಂತಲ್ಲ. ಊರ ನಡುವಿನಿಂದಲೇ ಹುಂಗರ್‌ಬುರ್ಗ್ ರೈಲು ಹತ್ತಿ, ಅಲ್ಲಿಂದ ಕೇಬಲ್ ಕಾರಿನಲ್ಲಿ ಕೂತರೆ ಅರ್ಧ ಗಂಟೆಯೊಳಗೆ ಹಾಫೆಲೆಕರ್ ನಿಲ್ದಾಣದಲ್ಲಿರುತ್ತೀರಿ. ಅದು 2,256 ಮೀಟರ್. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930. ಕರ್ನಾಟಕದ ಅತಿ ಎತ್ತರದ ಶಿಖರಕ್ಕಿಂತ ಮೇಲೆ, ಚಹಾ ಕುಡಿದು ಮುಗಿಸುವಷ್ಟು ಹೊತ್ತಿನಲ್ಲಿ! ಊರಿಗಿಂತ ಅಲ್ಲಿ ಹತ್ತು ಡಿಗ್ರಿಯಷ್ಟು ಕಡಿಮೆ. ಇದಕ್ಕೆ ದಪ್ಪ ಸ್ವೆಟರು ಉಪಾಯವಲ್ಲ. ತೆಳ್ಳನೆಯ ಮೂರು ಬಟ್ಟೆ ಒಂದರ ಮೇಲೊಂದು ಹಾಕಿ. ಒಳಗೆ ಮೈಗಂಟುವ ಬನಿಯನ್ನು, ಮೇಲೆ ತೆಳು ಉಣ್ಣೆಯದು, ಅದರ ಮೇಲೆ ಗಾಳಿ ಮಳೆ ತಡೆಯುವ ಒಂದು ಜಾಕೆಟ್ಟು. ಸೆಕೆಯಾದರೆ ಒಂದೊಂದೇ ಬಿಚ್ಚಿ. ಸೀರೆ ಉಡುವವರೂ ಹೀಗೇ ಮಾಡಬಹುದು. ಸೀರೆ ಎರಡು ಸಾಕು, ಕಾಟನ್ ಬೇಡ. ರಾತ್ರಿ ಬಚ್ಚಲಲ್ಲಿ ಹಿಂಡಿ ಹರವಿದರೆ ಬೆಳಿಗ್ಗೆ ಒಣಗಿರುವಂಥದ್ದು ಇರಲಿ.

ಆ ಊರಿಗೆ ದಕ್ಷಿಣದಿಂದ ಬೆಟ್ಟ ದಾಟಿ ಒಂದು ಬಿಸಿಗಾಳಿ ಬೀಸುತ್ತದೆ. ಅದಕ್ಕೆ ಫ್ಯೋನ್ ಅಂತ ಹೆಸರು. ಚಳಿಗಾಲದಲ್ಲೂ ಇದ್ದಕ್ಕಿದ್ದಂತೆ ಊರನ್ನು ಬೆಚ್ಚಗೆ ಮಾಡಿಬಿಡುತ್ತದೆ. ತಲೆನೋವು ಬಂದರೆ ಅಲ್ಲಿಯವರು ಮೊದಲು ಬೈಯುವುದು ಈ ಗಾಳಿಗೆ. ಕೂದಲು ಒಣಗಿಸುವ ಯಂತ್ರಕ್ಕೂ ಜರ್ಮನ್ನಿನಲ್ಲಿ ಇದೇ ಹೆಸರು. ಅದನ್ನೂ ಒಯ್ಯಬೇಡಿ, ದಯವಿಟ್ಟು.

ಈಗ ನಮ್ಮ ಅತ್ತಿಗೆಯ ಕುಕ್ಕರಿನ ಕಥೆ. ಇದನ್ನು ಹೇಳದೆ ನಾನು ಈ ವಿಷಯ ಮಾತಾಡುವುದೇ ಇಲ್ಲ.

ಅದು ಗುಂಪಿನ ಪ್ರವಾಸವಲ್ಲ, ಮನೆಯವರದ್ದೇ. ನಾನು, ನನ್ನ ಯಜಮಾನರು, ಅಣ್ಣ, ಅತ್ತಿಗೆ. ಅತ್ತಿಗೆಗೆ ಊಟದ ಚಿಂತೆ. "ಅಲ್ಲಿ ಬರೀ ಬ್ರೆಡ್ಡು ತಿಂದು ಸಾಯೋದಾ?" ಅಂತ 22 ಕೆಜಿಯ ಸೂಟ್‌ಕೇಸು ಕಟ್ಟಿದರು. ಮೂರು ಲೀಟರಿನ ಕುಕ್ಕರು. ಅದರ ಹೊಟ್ಟೆಯೊಳಗೆ ಜಾಗ ಹಾಳಾಗಬಾರದಲ್ಲ, ಸೋನಾ ಮಸೂರಿ ಅಕ್ಕಿ. ಬೇಳೆ, ಹುಣಸೆಹಣ್ಣು, ಬೆಲ್ಲ, ಒಂದು ಕೌದಿ. ಹೌದು, ಕೌದಿ! ನಾನು ಹೇಳಿದೆ. ಯಾರು ಕೇಳುತ್ತಾರೆ? ಮನೆಯ ವೈದ್ಯನ ಮದ್ದು ಯಾರಿಗೂ ಹಿಡಿಸುವುದಿಲ್ಲ.

ಮ್ಯೂನಿಕ್‌ನಲ್ಲಿ ಇಳಿದು ರೈಲು ಹಿಡಿದೆವು. ಎರಡು ಗಂಟೆಯೂ ಆಗದ ದಾರಿ. ಇನ್ಸ್‌ಬ್ರುಕ್ ಸ್ಟೇಷನ್ನಿನಿಂದ ಹಳೆ ಊರಿಗೆ ನಡೆದರೆ ಹದಿನೈದು ನಿಮಿಷ. ಹಳೆ ಊರೆಂದರೆ ಕಾರು ಓಡಾಡದ, ಕಲ್ಲು ಹಾಸಿದ ಬೀದಿಗಳು. ಆ ಕಲ್ಲಿನ ಮೇಲೆ ಸೂಟ್‌ಕೇಸಿನ ಚಕ್ರ ಕಡಕಡ ಕಡಕಡ ಅಂತ ಶುರುವಾಯಿತು. ಬೀದಿಯ ಕೊನೆಯಲ್ಲಿ ಚಿನ್ನದ ಚಾವಣಿ ಇದೆ. ಚಕ್ರವರ್ತಿ ಮೊದಲನೇ ಮ್ಯಾಕ್ಸಿಮಿಲಿಯನ್ ಕಾಲದ್ದು, 1500ನೇ ಇಸವಿಯ ಹೊತ್ತಿಗೆ ಮುಗಿದದ್ದು. ಎರಡೂವರೆ ಸಾವಿರಕ್ಕೂ ಜಾಸ್ತಿ ತಾಮ್ರದ ಹೆಂಚು, ಒಂದೊಂದಕ್ಕೂ ಚಿನ್ನದ ಲೇಪ. ಜನ ಕ್ಯಾಮೆರಾ ಹಿಡಿದು ಅದನ್ನೇ ನೋಡುತ್ತಿದ್ದರು. ಸರಿಯಾಗಿ ಅಲ್ಲಿಗೆ ಬಂದಾಗ ಪಟ್ ಅಂತ ಒಂದು ಚಕ್ರ ಕಿತ್ತು, ಉರುಳಿಕೊಂಡು ಅವರ ಕಾಲ ಬುಡಕ್ಕೆ ಹೋಯಿತು. ಅಷ್ಟೂ ಜನ ಚಿನ್ನದ ಚಾವಣಿ ಬಿಟ್ಟು ನಮ್ಮ ಕಡೆ ತಿರುಗಿದರು.

ಅಲ್ಲಿಗೆ ಮುಗಿಯಲಿಲ್ಲ. ನಾವು ಹಿಡಿದಿದ್ದ ಮನೆ ಮೂರನೇ ಮಹಡಿ. ಹಳೆ ಕಟ್ಟಡ, ಲಿಫ್ಟ್ ಇಲ್ಲ. ಸುತ್ತಿಕೊಂಡು ಹೋಗುವ ಕಲ್ಲಿನ ಮೆಟ್ಟಿಲು, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ಅಣ್ಣ ಮೇಲಿನಿಂದ ಎಳೆದ, ನಾನು ಕೆಳಗಿನಿಂದ ನೂಕಿದೆ. ಎರಡನೇ ಮಹಡಿಯ ತಿರುವಿನಲ್ಲಿ ಸೂಟ್‌ಕೇಸು ಸಿಕ್ಕಿಹಾಕಿಕೊಂಡಿತು. ಅಣ್ಣ ಜೋರಾಗಿ ಎಳೆದ. ಜಿಪ್ಪು ಬಾಯಿಬಿಟ್ಟಿತು. ಮೊದಲು ಕುಕ್ಕರಿನ ಮುಚ್ಚಳ, ಅದರ ಹಿಂದೆ ಕುಕ್ಕರು, ಹಿಂದೆಯೇ ಅಕ್ಕಿ. ಕಲ್ಲಿನ ಮೆಟ್ಟಿಲ ಮೇಲೆ ಖಾಲಿ ಕುಕ್ಕರು ಉರುಳಿದರೆ ಹೇಗಿರುತ್ತದೆ ಅಂತ ನೀವೇ ಅಂದಾಜು ಮಾಡಿ. ಕೆಳಗಿನ ಮನೆಯ ಅಜ್ಜಿಯೊಬ್ಬರು ಬಾಗಿಲು ತೆರೆದು, ಕುಕ್ಕರು ನೋಡಿ, ನಮ್ಮನ್ನು ನೋಡಿ, ಒಳಗೆ ಹೋಗಿ ಒಂದು ಪೊರಕೆ ತಂದುಕೊಟ್ಟರು. ಏನೂ ಕೇಳಲಿಲ್ಲ.

ನಿಜವಾದ ತಮಾಷೆ ಇನ್ನೂ ಮುಂದಿದೆ. ರಾತ್ರಿ ಎಂಟಕ್ಕೆ ಅತ್ತಿಗೆ ಮಿಕ್ಕ ಅಕ್ಕಿ ತೊಳೆದು ಕುಕ್ಕರು ಒಲೆಯ ಮೇಲಿಟ್ಟರು. ಒಲೆ ಇಂಡಕ್ಷನ್. ಕುಕ್ಕರು ಅಲ್ಯೂಮಿನಿಯಂ. ಇಂಡಕ್ಷನ್ ಒಲೆಗೆ ಅಯಸ್ಕಾಂತ ಅಂಟುವ ಪಾತ್ರೆಯೇ ಬೇಕು, ಅಲ್ಯೂಮಿನಿಯಂ ಇಟ್ಟರೆ ಅದು ಬಿಸಿಯೇ ಆಗುವುದಿಲ್ಲ. ಸಾವಿರಾರು ಮೈಲಿ ಹೊತ್ತು ತಂದ ಕುಕ್ಕರಿನಿಂದ ಒಂದು ವಿಷಲ್ ಕೂಡ ಬರಲಿಲ್ಲ. ಕೊನೆಗೆ ಆ ಮನೆಯದೇ ಸ್ಟೀಲಿನ ಪಾತ್ರೆಯಲ್ಲಿ ಅನ್ನ ಮಾಡಿದೆವು. ಚೆನ್ನಾಗೇ ಆಯಿತು. ಅಕ್ಕಿಯಂತೂ ಅಲ್ಲಿನ ಪ್ರತಿ ಸೂಪರ್ ಮಾರ್ಕೆಟ್ಟಿನಲ್ಲೂ ಸಿಗುತ್ತದೆ. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ತಂದಿಟ್ಟುಕೊಳ್ಳಿ.

ಮಾರನೇ ದಿನ ಅತ್ತಿಗೆಗೆ ಸೊಂಟ ಹಿಡಿದುಕೊಂಡಿತ್ತು. ಹಾಫೆಲೆಕರ್‌ಗೆ ನಾವು ಮೂವರೇ ಹೋದೆವು. ಅವರು ಕೌದಿ ಹೊದ್ದು ಮಲಗಿದ್ದರು. ನನಗೆ ಇವತ್ತಿಗೂ ಬೇಜಾರು ಅದಕ್ಕೇ, ಚಕ್ರಕ್ಕಲ್ಲ.

ಆದ್ದರಿಂದ ಹೇಳುತ್ತಿದ್ದೇನೆ, ಒಂದು ಚೀಲ, ಏಳು ಕೆಜಿ. ಬಹಳಷ್ಟು ವಿಮಾನಗಳಲ್ಲಿ ಕೈಚೀಲಕ್ಕೆ ಏಳೋ ಎಂಟೋ ಕೆಜಿ ಬಿಡುತ್ತಾರೆ. ನೀವು ಏಳು ಅಂದುಕೊಳ್ಳಿ. ತೂಕ ನೋಡಲು ಯಂತ್ರ ಕೊಳ್ಳಬೇಕಾಗಿಲ್ಲ. ಹಳೆ ಪೇಪರಿನವರು ಬರುತ್ತಾರಲ್ಲ, ಅವರ ಕೊಕ್ಕೆ ತಕ್ಕಡಿಗೆ ಚೀಲ ನೇತುಹಾಕಿ. ನಮ್ಮ ಬೀದಿಯವರು ಈಗ ನನ್ನ ಚೀಲ ನೋಡಿದರೆ "ಈ ಸಲ ಯಾವ ಊರಮ್ಮಾ?" ಅಂತ ಕೇಳುತ್ತಾರೆ. ಇನ್ನೊಂದು ಪರೀಕ್ಷೆ ಇದೆ. ತುಂಬಿದ ಚೀಲ ಹೊತ್ತು ನಿಮ್ಮ ಮನೆಯ ಮಹಡಿ ಮೆಟ್ಟಿಲು ಮೂರು ಸಲ ಹತ್ತಿ ಇಳಿಯಿರಿ. ಮಗ ಹೊರಬಾರದು, ನೀವೇ ಹೊರಬೇಕು. ಏದುಸಿರು ಬಂತಾ? ಏನನ್ನಾದರೂ ತೆಗೆಯಿರಿ.

ಚೀಲ ಬೆನ್ನ ಮೇಲಿದ್ದರೆ ಏನು ಸುಖ ಗೊತ್ತಾ? ಕೊನೆಯ ದಿನ ಬೆಳಿಗ್ಗೆಯೇ ರೂಮು ಖಾಲಿ ಮಾಡಿಸುತ್ತಾರೆ, ರೈಲು ಸಂಜೆಗೆ. ದೊಡ್ಡ ಪೆಟ್ಟಿಗೆಯವರು ಅದನ್ನು ಎಲ್ಲಿಡುವುದು ಅಂತ ಅರ್ಧ ದಿನ ಹುಡುಕುತ್ತಾರೆ. ನಾನು ಚೀಲ ಹಾಕಿಕೊಂಡೇ ಹಳೆ ಊರಿನ ಗೋಪುರದ 133 ಮೆಟ್ಟಿಲು ಹತ್ತಿ ಬರುತ್ತೇನೆ. ಆಮೇಲೆ ಹೋಫ್‌ಕಿರ್ಖೆ ಅನ್ನುವ ಚರ್ಚಿಗೆ ಹೋಗುತ್ತೇನೆ. ಅಲ್ಲಿ ಮ್ಯಾಕ್ಸಿಮಿಲಿಯನ್ನನ ಸಮಾಧಿ ಇದೆ. ಸುತ್ತಲೂ ಆಳೆತ್ತರಕ್ಕಿಂತ ದೊಡ್ಡ 28 ಕಂಚಿನ ಪ್ರತಿಮೆಗಳು ಕಾವಲು ನಿಂತಿವೆ. ಊರವರು ಅವನ್ನು ಕಪ್ಪು ಮನುಷ್ಯರು ಅನ್ನುತ್ತಾರೆ, ಅವರಲ್ಲಿ ಹೆಂಗಸರೂ ಇದ್ದಾರೆ ಅನ್ನುವುದು ಬೇರೆ ಮಾತು. ಆದರೆ ಸಮಾಧಿಯೊಳಗೆ ಯಾರೂ ಇಲ್ಲ! ಚಕ್ರವರ್ತಿ 1519ರಲ್ಲಿ ವೆಲ್ಸ್ ಅನ್ನುವ ಊರಲ್ಲಿ ತೀರಿಕೊಂಡ, ಅವನನ್ನು ಹೂಳಿದ್ದು ವೀನರ್ ನಾಯ್‌ಸ್ಟಾಟ್‌ನಲ್ಲಿ. ಕೊನೆಗಾಲದಲ್ಲಿ ಹೋದಲ್ಲೆಲ್ಲ ತನ್ನ ಶವಪೆಟ್ಟಿಗೆಯನ್ನೂ ಜೊತೆಗೇ ಒಯ್ಯುತ್ತಿದ್ದನಂತೆ. ಅದು ಅವನ ಜೊತೆ ಅತ್ತ ಹೋಯಿತು, 28 ಜನರ ಭಾರವೆಲ್ಲ ಇನ್ಸ್‌ಬ್ರುಕ್‌ನಲ್ಲಿ ಉಳಿಯಿತು. ಲಗೇಜು ಒಂದೂರಲ್ಲಿ, ಯಜಮಾನ ಇನ್ನೊಂದೂರಲ್ಲಿ. ವಿಮಾನಕ್ಕೆ ಪೆಟ್ಟಿಗೆ ಹಾಕಿ ಕಾದವರಿಗೆ ಇದು ಬೇಗ ಅರ್ಥವಾಗುತ್ತದೆ, ಅಲ್ವಾ?

ಎದುರಿಗೆ ಗಾಜಿನಾಚೆ ಎರಡು ಬೆರಳು ತೋರಿಸುತ್ತಿದ್ದಾರೆ. ಎರಡು ನಿಮಿಷ ಇರಬೇಕು. ಬೇಗ ಬೇಗ ಹೇಳಿಬಿಡುತ್ತೇನೆ.

ನೀರಿನಂಥದ್ದೆಲ್ಲ 100 ಮಿಲಿಲೀಟರಿನ ಒಳಗಿನ ಬಾಟಲಿಯಲ್ಲಿರಲಿ, ಎಲ್ಲ ಸೇರಿ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ. ಕೊಬ್ಬರಿ ಎಣ್ಣೆಗೂ ಇದೇ ಕಾನೂನು. ದೊಡ್ಡ ಬಾಟಲಿ, ಅರ್ಧ ಖಾಲಿ ಇದೆ ಅಂದರೂ ಬಿಡುವುದಿಲ್ಲ. ಧಾರವಾಡ ಪೇಢೆ ಬೇಡ. ಹೊರಗಿನಿಂದ ಬರುವವರು ಹಾಲಿನ, ಮಾಂಸದ ಪದಾರ್ಥ ತರುವುದನ್ನು ಯೂರೋಪಿನವರು ಒಪ್ಪುವುದಿಲ್ಲ. ಹಚ್ಚಿದ ಅವಲಕ್ಕಿ ಒಯ್ಯಿರಿ, ಹಗುರ. ಮಾತ್ರೆ ಅದರ ಪಟ್ಟಿಯಲ್ಲೇ ಇರಲಿ, ಜೊತೆಗೆ ಡಾಕ್ಟರ ಚೀಟಿ. ಪವರ್ ಬ್ಯಾಂಕು ಕೈಚೀಲದಲ್ಲೇ ಇರಬೇಕು, ಅದೇ ಕಾನೂನು. ನಮ್ಮ ಎರಡು ಕಡ್ಡಿಯ ಫೋನ್ ಚಾರ್ಜರು ಅಲ್ಲಿ ಹಾಗೇ ಕೂರುತ್ತದೆ, ಅಡಾಪ್ಟರು ಅಂತ ಅಂಗಡಿಯವನು ಹೇಳಿದರೆ ಸುಮ್ನೆ ಬನ್ನಿ. ವೀಸಾಕ್ಕೆ 30,000 ಯೂರೋ ವಿಮೆ ಬೇಕು, ಅದರ ಕಾಗದಕ್ಕೆ ತೂಕವಿಲ್ಲ. ನೀರಿನ ಬಾಟಲಿ ಖಾಲಿ ಒಯ್ಯಿರಿ. ಅಲ್ಲಿ ನಲ್ಲಿಯಲ್ಲಿ ಬರುವುದು ಬೆಟ್ಟದ ಒರತೆಯ ನೀರು, ಧಾರಾಳವಾಗಿ ಕುಡಿಯಿರಿ. ದುಡ್ಡು ಕೊಟ್ಟು ನೀರು ಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಭಾರದ ಜಾಕೆಟ್ಟು ಮೈಮೇಲೆ ಇರಲಿ, ಚೀಲದಲ್ಲಲ್ಲ.

ಅಯ್ಯೋ, ಚಪ್ಪಲಿ ಷೂಸಿನ ಮಾತು ಹೇಳಲೇ ಇಲ್ಲ. ಒಂದೇ ಜೊತೆ, ಕಾಲಲ್ಲಿ. ನಮಸ್ಕಾರ.