ಮುಳ್ಳು ಇಳಿದರೆ ಪಕ್ಕದ ಮುಳ್ಳು ನೋಡಿ

ಕೇಳುಗರೇ, ನಮಸ್ಕಾರ. ಕಾಂದಿವಲಿಯ ಚಾರ್‌ಕೋಪ್‌ನಲ್ಲಿ ಅಮೋಲ್ ಯಾದವ್ ಅವರು ಮನೆಯ ತಾರಸಿ ಮೇಲೇ ಆರು ಸೀಟಿನ ವಿಮಾನ ಕಟ್ಟಿದರು. 2017ರಲ್ಲಿ ಅದಕ್ಕೆ ನೋಂದಣಿಯೂ ಸಿಕ್ಕಿತು. ಡೊಂಬಿವಲಿ, ಭೋಸರಿ ಕಡೆಯ ನಮ್ಮ ಕನ್ನಡದ ಹುಡುಗರಿಗೂ ಈಗ ಅಂಥ ಆಸೆ ಇದೆ. ರೆಕ್ಕೆ ಬಗ್ಗೆ, ಎಂಜಿನ್ ಬಗ್ಗೆ ಸಿಕ್ಕಾಪಟ್ಟೆ ಕೇಳುತ್ತಾರೆ, ಪ್ರೆಶರ್ ಗೇಜ್ ಬಗ್ಗೆ ಮಾತ್ರ ಕೇಳುವುದಿಲ್ಲ. ಇವತ್ತು ಅದರದ್ದೇ ಮಾತು.

ಮೊದಲು ಆಯಿಲ್ ಪ್ರೆಶರ್. ಸಣ್ಣ ವಿಮಾನಗಳಲ್ಲಿ ಜಾಸ್ತಿ ಕಾಣುವ ರೋಟ್ಯಾಕ್ಸ್ 912 ಎಂಜಿನ್‌ಗೆ ಹಾರಾಟದಲ್ಲಿ 2ರಿಂದ 5 ಬಾರ್ ಇರಬೇಕು, ಬಾರ್ ಅಂದರೆ ಒತ್ತಡದ ಅಳತೆ. ಎಂಜಿನ್ ವೇಗ ನಿಮಿಷಕ್ಕೆ 3500 ಸುತ್ತಿಗಿಂತ ಕೆಳಗಿದ್ದಾಗ 0.8 ಬಾರ್ ಇದ್ದರೂ ನಡೆಯುತ್ತದೆ. ಎಂಜಿನ್ ತಣ್ಣಗಿದ್ದಾಗ ಆಯಿಲ್ ಮಂದವಾಗಿರುತ್ತದೆ, ಅದಕ್ಕೇ ಚಾಲೂ ಮಾಡಿದ ಹೊಸದರಲ್ಲಿ ಮುಳ್ಳು ಸ್ವಲ್ಪ ಹೊತ್ತು 7ರವರೆಗೂ ಏರಬಹುದು. ಗಾಬರಿ ಬೇಡ.

ಆದರೆ ಸೆಂಡರ್, ಅಂದರೆ ಆಯಿಲ್ ಒತ್ತಡ ಅಳೆದು ವೈರಿನಲ್ಲಿ ಗೇಜ್‌ಗೆ ತಿಳಿಸುವ ಭಾಗ, ಅದನ್ನು ಎಲ್ಲಿ ಕೂರಿಸುತ್ತೀರಿ ಅನ್ನುವುದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಭಾರದ ಸೆಂಡರನ್ನು ಹಿತ್ತಾಳೆಯ ಫಿಟ್ಟಿಂಗ್ ಹಾಕಿ ನೇರ ಎಂಜಿನ್‌ಗೇ ತಿರುಗಿಸಿಬಿಟ್ಟರೆ, ಎಂಜಿನ್ ನಡುಗಿ ನಡುಗಿ ಒಂದು ದಿನ ಆ ಫಿಟ್ಟಿಂಗ್‌ನ ಕುತ್ತಿಗೆ ಬಿರುಕು ಬಿಡುತ್ತದೆ, ಆಯಿಲ್ ಎಲ್ಲ ಹೊರಗೆ ಹೋಗುತ್ತದೆ. ಸೆಂಡರ್ ಫೈರ್‌ವಾಲ್ ಮೇಲಿರಲಿ, ಅಂದರೆ ಎಂಜಿನ್‌ಗೂ ಕಾಕ್‌ಪಿಟ್‌ಗೂ ನಡುವಿನ ಗೋಡೆಯ ಮೇಲೆ. ಅಲ್ಲಿಂದ ಎಂಜಿನ್‌ಗೆ ಬಾಗುವ ಹೋಸ್ ಹಾಕಿ, ಎಂಜಿನ್ ತುದಿಯಲ್ಲಿ ಸೂಜಿಯಷ್ಟು ತೂತಿನ ಫಿಟ್ಟಿಂಗ್ ಇಡಿ. ಹೋಸ್ ಹರಿದರೂ ಆಯಿಲ್ ನಿಧಾನ ಸೋರುತ್ತದೆ, ಇಳಿಯಲು ಸಮಯ ಸಿಗುತ್ತದೆ. ಒಂದೇ ವೈರಿನ ಸೆಂಡರ್ ಆದರೆ ಅದರ ಮೈಗೆ ಬೇರೆ ಅರ್ಥ್ ವೈರ್ ಕೊಡಲೇಬೇಕು, ಇಲ್ಲದಿದ್ದರೆ ಗೇಜ್ ತೋರಿಸುವುದೆಲ್ಲ ಸುಳ್ಳು.

ಎಂಜಿನ್ ಒಳಗೆ ಹೋಗುವ ಗಾಳಿಯ ಒತ್ತಡ ತೋರಿಸುವ ಮ್ಯಾನಿಫೋಲ್ಡ್ ಗೇಜ್ ಇದ್ದರೆ ಅದನ್ನು ಪರೀಕ್ಷೆ ಮಾಡುವುದು ಸುಲಭ. ಎಂಜಿನ್ ನಿಂತಿರುವಾಗ ಅದು ಸುತ್ತಲಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಮುಂಬೈಯಲ್ಲಿ ಪಾದರಸದ ಲೆಕ್ಕದಲ್ಲಿ ಸುಮಾರು 30 ಇಂಚು. ಪುಣೆಯಲ್ಲಿ 28ರ ಹತ್ತಿರ ಬರುತ್ತದೆ, ಊರು ಎತ್ತರದಲ್ಲಿದೆ ಅಲ್ವಾ, ಗೇಜ್ ಸರಿಯಾಗೇ ಇದೆ.

ಹಾರುವಾಗ ಆಯಿಲ್ ಪ್ರೆಶರ್ ಇಳಿಯಿತು ಅಂದುಕೊಳ್ಳಿ. ತಕ್ಷಣ ಆಯಿಲ್ ಟೆಂಪರೇಚರ್ ನೋಡಿ. ಅದು ಏರುತ್ತಿದ್ದರೆ ತೊಂದರೆ ಎಂಜಿನ್‌ನಲ್ಲೇ ಇದೆ, ಯಾವಾಗ ಬೇಕಾದರೂ ನಿಲ್ಲಬಹುದು, ಇಳಿಯಲು ಬಯಲು ಹುಡುಕಿ. ಏರದಿದ್ದರೆ ಸೆಂಡರ್ ಕೆಟ್ಟಿರಬಹುದು. ಸುಮ್ನೆ ಗೇಜ್ ಹಾಳಾಗಿದೆ ಅಂತ ಮುಂದೆ ಹೋಗಬೇಡಿ, ಆಗಲೂ ಹತ್ತಿರದ ರನ್‌ವೇಗೆ ಇಳಿಯಿರಿ. ನೆಲದ ಮೇಲೆ, ವೈರ್ ಇಲ್ಲದೆ ಆಯಿಲ್ ಒತ್ತಡದಿಂದಲೇ ಮುಳ್ಳು ತಿರುಗುವ ಮೆಕ್ಯಾನಿಕಲ್ ಗೇಜ್ ಒಂದನ್ನು ಸೆಂಡರ್ ಇದ್ದ ಜಾಗಕ್ಕೆ ಜೋಡಿಸಿ, ಎಂಜಿನ್ ಸ್ವಲ್ಪ ಹೊತ್ತು ಓಡಿಸಿ ನೋಡಿ. ಅದೂ ಕಡಿಮೆಯೇ ತೋರಿಸಿದರೆ ಎಂಜಿನ್ ಆಫ್ ಮಾಡಿ, ಕಾರಣ ಸಿಗುವವರೆಗೆ ಮತ್ತೆ ಚಾಲೂ ಮಾಡಬೇಡಿ.